ಹತ್ತೊಂಬತ್ತನೆಯ ತಲೆ

ತನ್ನ ಸಂಶೋಧನೆಯ ಆಸಕ್ತಿ ಏನೆಂದು ನೂರು ಪದಗಳಲ್ಲಿ ಬರೆದುಕೊಡಬೇಕಿತ್ತು, ಈ ಹೊತ್ತು ಸಂಜೆ ಐದರೊಳಗೆ. ಕೊಡದಿದ್ದರೆ ವಿಭಾಗದ ಹೊಸ ವೆಬ್‌ಸೈಟಿನಲ್ಲಿ ಅವನ ಫೋಟೋದ ಕೆಳಗೆ 'ಆಸಕ್ತಿ: ತಿಳಿಸಿಲ್ಲ' ಎಂದು ಬೀಳುತ್ತದೆಂದು ಆಫೀಸಿನ ಹೆಂಗಸು ಮೂರನೆಯ ಸಲ ನೆನಪಿಸಿದ್ದಳು. ಹಲ್ಲುಜ್ಜುತ್ತ ನಿಂತವನಿಗೆ, ಕನ್ನಡಿಯಲ್ಲಿ ನೊರೆ ತುಂಬಿಕೊಂಡ ಈ ಮುಖದ ಕೆಳಗೆ ಆ ಮಾತು ಚೆನ್ನಾಗಿಯೇ ಒಪ್ಪುತ್ತದೆ ಎನ್ನಿಸಿತು. ಮೂರು ವಾರದಲ್ಲಿ ನಲವತ್ತೊಂದು ಸಲ ಬರೆದು ಅಳಿಸಿದ್ದ. 'ಗಣಿತದ ಮಾದರಿಗಳ ಮೂಲಕ ಮೆದುಳಿನ ನಿರ್ಧಾರ ಪ್ರಕ್ರಿಯೆಗಳನ್ನು' ಎನ್ನುವವರೆಗೆ ವಾಕ್ಯ ಠೀವಿಯಿಂದ ನಡೆದು ಬರುತ್ತಿತ್ತು. ಆಮೇಲೆ ಆ ಪ್ರಕ್ರಿಯೆಗಳನ್ನು ತಾನು ಏನು ಮಾಡುತ್ತೇನೆ ಎಂದು ಹೇಳಬೇಕಾದ ಕಡೆ ಬಾಗಿಲಲ್ಲೇ ನಿಂತು ಚಪ್ಪಲಿ ಹುಡುಕುತ್ತಿತ್ತು. ಆರು ವರ್ಷ. ಆರು ವರ್ಷದಿಂದ ಮಾಡುತ್ತಿರುವುದನ್ನು ನೂರು ಪದಗಳಲ್ಲಿ ಹೇಳಲಾಗದವನು ಒಂದೋ ಮಹಾ ಜ್ಞಾನಿಯಾಗಿರಬೇಕು, ಇಲ್ಲವೇ ಏನೂ ಮಾಡದವನಾಗಿರಬೇಕು. ಜ್ಞಾನಿಗಳು ಯಾರೂ ಅಕ್ಕನ ಮನೆಯಲ್ಲಿ, ಇಸ್ತ್ರಿ ಮೇಜು ಇಡುವ ಕೋಣೆಯಲ್ಲಿ ಆರು ವರ್ಷ ಮಲಗಿದ್ದು ಅವನು ಕೇಳಿರಲಿಲ್ಲ. ಹೊರಗಿನಿಂದ ಭಾವ ಎರಡು ಸಲ ಮೆತ್ತಗೆ ಬಾಗಿಲು ತಟ್ಟಿದರು. ಬಚ್ಚಲುಮನೆ ಅವರದು, ಬಾಗಿಲು ಅವರದು, ಏಳೂವರೆಗೆ ಕೆಲಸಕ್ಕೆ ಹೊರಡಬೇಕಾದವರೂ ಅವರು. ಆದರೂ ತಟ್ಟುವುದರಲ್ಲಿ ಒಂದು ಕ್ಷಮಾಪಣೆ ಇತ್ತು. ಆ ಕ್ಷಮಾಪಣೆಯೇ ಅವನನ್ನು ಬೆಳಗಿನಿಂದ ಬೆಳಗಿಗೆ ಚುಚ್ಚುತ್ತಿತ್ತು. ಜೋರಾಗಿ ಗುದ್ದಿದ್ದರೆ ಬೇರೆ ಮನೆ ಹುಡುಕಬಹುದಿತ್ತು.

ಭಾವ ಲಿಫ್ಟ್ ರಿಪೇರಿಯವರು. ಊರಿನ ಅರ್ಧ ಎತ್ತರದ ಕಟ್ಟಡಗಳ ಲಿಫ್ಟುಗಳು ಅವರ ಕೈಯಲ್ಲಿವೆ, ಅವನ ವಿಭಾಗದ ಐದಂತಸ್ತಿನ ಕಟ್ಟಡದ್ದೂ ಸೇರಿ. ಬಾಮೈದ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅವರು ಮೊದಮೊದಲು ಅವನು ಹೇಳಿಕೊಟ್ಟಂತೆಯೇ ಹೇಳಲು ನೋಡುತ್ತಿದ್ದರು. ನಾಲಿಗೆ ಎರಡು ಕಡೆ ತಿರುವು ತಪ್ಪುತ್ತಿದ್ದರಿಂದ ಕೊನೆಗೆ 'ತಲೆ ಡಾಕ್ಟರು' ಎಂಬಲ್ಲಿಗೆ ಬಂದು ನಿಲ್ಲಿಸಿದರು. ಅದರ ಫಲವಾಗಿ ಕೆಳಗಿನ ಮನೆಯ ಮುದುಕಿ ವಾರಕ್ಕೊಮ್ಮೆ ಮೆಟ್ಟಿಲಲ್ಲಿ ಅವನನ್ನು ಹಿಡಿದು ನಿಲ್ಲಿಸಿ, ಎಡಗಣ್ಣಿನ ಹಿಂದಿನ ನೋವು ಈಗ ಬಲಗಣ್ಣಿಗೆ ಬಂದಿರುವ ವರದಿ ಒಪ್ಪಿಸುತ್ತಿದ್ದಳು. ತಾನು ಅಂಥ ಡಾಕ್ಟರಲ್ಲ ಎಂದು ನಾಲ್ಕು ಸಲ ಹೇಳಿದ. ಐದನೆಯ ಸಲ ನೀರು ಹೆಚ್ಚು ಕುಡಿಯಿರಿ ಎಂದುಬಿಟ್ಟ. ಆಕೆಗೆ ಗುಣವಾಯಿತು, ಈಗ ಆಕೆಯ ತಂಗಿಯೂ ಬರುತ್ತಾಳೆ. ನಿಜದಲ್ಲಿ ಅವನು ಮಾಡುವುದಿಷ್ಟು: ಜನರನ್ನು ಕತ್ತಲ ಕೋಣೆಯಲ್ಲಿ ಕೂರಿಸಿ, ತಲೆಗೆ ತಂತಿಗಳ ಟೋಪಿ ಹಾಕಿ, ಕಂಪ್ಯೂಟರ್ ಪರದೆಯ ಮೇಲೆ ಒಂದು ಹಣ್ಣಿನ ಮರ ತೋರಿಸುತ್ತಾನೆ. ಗುಂಡಿ ಒತ್ತಿದರೆ ಹಣ್ಣು ಬೀಳುತ್ತದೆ. ಒತ್ತುತ್ತ ಹೋದಂತೆ ಬೀಳುವುದು ಕಡಿಮೆಯಾಗುತ್ತದೆ. ಬೇಡವೆನಿಸಿದರೆ ಇನ್ನೊಂದು ಗುಂಡಿ ಒತ್ತಿ ಬೇರೆ ಮರಕ್ಕೆ ಹೋಗಬಹುದು, ಆದರೆ ಹೊಸ ಮರ ಬರುವವರೆಗೆ ಸುಮ್ಮನೆ ಕಾಯಬೇಕು. ಮನುಷ್ಯ ಯಾವ ಘಳಿಗೆಯಲ್ಲಿ 'ಇಲ್ಲಿ ಸಾಕು' ಅಂದುಕೊಳ್ಳುತ್ತಾನೆ, ಅಂದುಕೊಳ್ಳುವ ಮುಂಚೆ ಅವನ ಮೆದುಳಿನಲ್ಲಿ ಏನು ಏರುತ್ತದೆ ಎಂಬುದನ್ನು ಒಂದು ಸಮೀಕರಣದಲ್ಲಿ ಹಿಡಿಯುವುದು ಅವನ ಕೆಲಸ. ಟೋಪಿ ಹಾಕುವುದೇ ಹೊಟ್ಟೆಪಾಡು ಮಾಡಿಕೊಂಡವನನ್ನು ಮೊದಲ ಸಲ ನೋಡ್ತಿದ್ದೀನಿ ಎಂದು ಅಕ್ಕ ಒಮ್ಮೆ ಅಂದಿದ್ದಳು. ಭಾವ ಅವತ್ತು ನಗಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ನಕ್ಕರು, ಗೋಡೆ ತೆಳು.

ಆ ದಿನ ಮೂರು ಗಂಟೆಗೆ ಅವನು ತನ್ನ ಪಿಎಚ್.ಡಿ. ಮಾರ್ಗದರ್ಶಕಿ ಮೇಡಂಗೆ ಪ್ರಬಂಧದ ಮೂರನೆಯ ಚಿತ್ರ, ಅಂದರೆ ಫಲಿತಾಂಶದ ಗ್ರಾಫು, ತೋರಿಸಬೇಕಿತ್ತು. ಮೊದಲೆರಡನ್ನು ಅವರು ಒಪ್ಪಿದ್ದರು. ಮೂರನೆಯದನ್ನೂ ಒಪ್ಪಿದರೆ ಪ್ರಬಂಧ ಮುಗಿದ ಹಾಗೆ, ಇಸ್ತ್ರಿ ಮೇಜಿಗೆ ಅದರ ಕೋಣೆ ವಾಪಸ್ಸು. ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅವನು ಇದನ್ನು ಮನೆಯಲ್ಲಿ ಹೇಳಿದ. ಅಕ್ಕ ಕಣ್ಣರಳಿಸಿದಳು. ಭಾವ ಚಹಾದ ಲೋಟ ಕೆಳಗಿಟ್ಟು, ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳುವವರ ಹಾಗೆ ಗಂಟಲು ಸರಿಮಾಡಿಕೊಂಡರು. ತಾವು ಹೋದ ವರ್ಷ ಟೋಪಿ ಹಾಕಿಸಿಕೊಂಡು ಕೂತಿದ್ದರಲ್ಲ, ಅದೂ ಈ ಚಿತ್ರದಲ್ಲಿ ಇದೆಯೇ ಎಂದು ಕೇಳಿದರು. ಇದೆ, ನೀವು ಹತ್ತೊಂಬತ್ತನೆಯವರು, ಎಂದ. ಭಾವನಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೆ ಆಯಿತು.

"ಹಾಗಾದ್ರೆ ಸರಿಯಾಗೇ ಮಾಡಿದ್ದೀನಿ ಅಂತಾಯ್ತು," ಅಂದರು. "ನೀನು ಅವತ್ತು ದ್ರಾಕ್ಷಿ ಇಟ್ಕೊಂಡು ಹೇಳಿಕೊಟ್ಟಿದ್ಯಲ್ಲ, ಹಾಗೇ ಮಾಡ್ದೆ. ಒಟ್ಟು ಎಷ್ಟು ಹಣ್ಣು, ಎಷ್ಟು ಹೊತ್ತು, ಮನಸ್ಸಲ್ಲೇ ಭಾಗಿಸ್ಕೊಂಡು ಹೋದೆ. ಕೈಗೆ ಬರೋದು ಅದಕ್ಕಿಂತ ಕಮ್ಮಿ ಆದ ತಕ್ಷಣ ಎದ್ದೆ. ಒಂದು ಸಲಾನೂ ತಪ್ಪಿಲ್ಲ ನೋಡು."

ಬೆಣ್ಣೆಯ ಚಾಕು ಬ್ರೆಡ್ಡನ್ನು ದಾಟಿ ಅವನ ಹೆಬ್ಬೆರಳಿನ ಮೇಲೆ ಸವರಿತು. ಹೇಳಿಕೊಟ್ಟಿದ್ದೆನೇ, ಎಂದು ಕೇಳಿದ. ಅಕ್ಕ, ಹೌದಲ್ಲೋ, ಒಂದು ಗಂಟೆ ಹೇಳಿದೆ, ಪಾತ್ರೆ ಎತ್ತೋದಕ್ಕೂ ಬಿಡ್ಲಿಲ್ಲ ಅಂದಳು. ಅವನು ಹೌದು ಹೌದು ಎಂದು ತಲೆಯಾಡಿಸಿ, ಬೆಣ್ಣೆಯ ಬೆರಳನ್ನು ಅಂಗಿಗೆ ಒರೆಸಿಕೊಂಡು, ಚೀಲ ಹಾಕಿಕೊಂಡು ಹೊರಗೆ ಬಂದ. ಮೆಟ್ಟಿಲಲ್ಲಿ ಮುದುಕಿಯ ತಂಗಿ ನಿಂತಿದ್ದಳು. ನೀರು, ಎಂದು ಹೇಳಿ ಇಳಿದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಅದೂ ಬೇಡವಾಗಿತ್ತು. ನಿಂತು ಜೋತಾಡಿದ್ದರೆ ಯೋಚನೆಗೆ ಜಾಗವಿರುತ್ತಿರಲಿಲ್ಲ. ಆ ಭಾನುವಾರ ಭಾವ ಟಿವಿಯ ಸದ್ದು ತಗ್ಗಿಸಿ, ನೀನು ನಿಜವಾಗಿ ಏನು ಮಾಡ್ತೀಯ, ನನಗೆ ತಿಳಿಯೋ ಹಾಗೆ ಹೇಳು ಎಂದು ಕೇಳಿದ್ದರು. ಹಾಗೆ ಯಾರೂ ಅವನನ್ನು ಕೇಳಿರಲಿಲ್ಲ. ವಿಭಾಗದಲ್ಲಿ ಕೇಳುತ್ತಿದ್ದವರು ಉತ್ತರದಲ್ಲಿ ತಪ್ಪು ಹುಡುಕಲು ಕೇಳುತ್ತಿದ್ದರು, ನೆಂಟರು ಯಾವಾಗ ಮುಗಿಯುತ್ತದೆ ಎಂದು ತಿಳಿಯಲು ಕೇಳುತ್ತಿದ್ದರು. ಅವನು ಎರಡು ತಟ್ಟೆಯಲ್ಲಿ ಎರಡು ಗೊಂಚಲು ದ್ರಾಕ್ಷಿ ಇಟ್ಟ, ಒಂದು ಊಟದ ಮೇಜಿನ ಮೇಲೆ, ಇನ್ನೊಂದು ದೂರದ ಫ್ರಿಜ್ಜಿನ ಮೇಲೆ. ನೋಡಿ ಭಾವ, ಮೊದಲು ದಪ್ಪ ದಪ್ಪದ್ದು ಸಿಗುತ್ತೆ, ಆಮೇಲೆ ಸಣ್ಣದು, ಆಮೇಲೆ ತೊಟ್ಟಿನ ಹಿಂದೆ ಬೆರಳು ತೂರಿಸಿ ಹುಡುಕಬೇಕು. ಎದ್ದು ಫ್ರಿಜ್ಜಿನವರೆಗೆ ಹೋಗೋದು ದಂಡ. ಹಾಗಾದ್ರೆ ಏಳೋದು ಯಾವಾಗ? ಭಾವ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು ಯೋಚಿಸಿ, ಇಡೀ ಸಂಜೆಯ ಸರಾಸರಿಗಿಂತ ಇಲ್ಲಿಯ ಗಳಿಕೆ ಕೆಳಗಿಳಿದಾಗ, ಎಂದು ಅವನು ಹೇಳುವ ಮುಂಚೆಯೇ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು. ಅವನಿಗೆ ಅವತ್ತು ಅವರನ್ನು ತಬ್ಬಿಕೊಳ್ಳಬೇಕೆನಿಸಿತ್ತು. ಅದಾಗಿ ನಾಲ್ಕನೆಯ ದಿನ ಒಬ್ಬ ಸ್ವಯಂಸೇವಕ ಕೈಕೊಟ್ಟಿದ್ದ, ಟೋಪಿ ಒದ್ದೆಯಾಗಿ ಸಿದ್ಧವಿತ್ತು, ಭಾವ ಅದೇ ಕಟ್ಟಡದಲ್ಲಿ ಲಿಫ್ಟಿನ ಸರ್ವೀಸಿಗೆ ಬಂದಿದ್ದರು. ಹೆಲ್ಮೆಟ್ ತೆಗೆಸಿ ಟೋಪಿ ಹಾಕಿದ. ಭಾಗವಹಿಸುವವರಿಗೆ ಪ್ರಯೋಗದ ಸಿದ್ಧಾಂತ ಮೊದಲೇ ತಿಳಿದಿರಕೂಡದು. ತಿಳಿದಿದ್ದರೆ ಅಳೆಯುವುದು ಅವರ ಮೆದುಳನ್ನಲ್ಲ, ಅವರ ವಿಧೇಯತೆಯನ್ನು. ಅದಕ್ಕಾಗಿಯೇ ಫಾರಂನಲ್ಲಿ ಒಂದು ಸಾಲು ಇದೆ: 'ಇವರಿಗೆ ಏನೂ ತಿಳಿಸಿಲ್ಲ.' ಆ ಸಾಲಿನ ಮುಂದೆ ಅವನೇ ಸರಿ ಗುರುತು ಹಾಕಿದ್ದ. ದ್ರಾಕ್ಷಿ ಮರೆತೇ ಹೋಗಿತ್ತೆ, ಅಥವಾ ಮರೆಯುವುದು ಅನುಕೂಲವಾಗಿತ್ತೆ? ನೆನಪಿನ ಬಗ್ಗೆ ಎರಡು ವರ್ಷ ಪಾಠ ಕೇಳಿದವನು ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಇಳಿದ. ಎಲ್ಲಿ ಇಳಿಯಬೇಕು ಎಂಬ ವಿಷಯದಲ್ಲಿ ಅವನು ತಜ್ಞ.

ಲ್ಯಾಬಿನಲ್ಲಿ ಬೆಳಗಿನ ಕೆಲಸ ಟೋಪಿ ತೊಳೆಯುವುದು. ಆರನೆಯ ವರ್ಷದವನು ತೊಳೆಯಬೇಕಾಗಿಲ್ಲ, ಹೊಸಬರು ತೊಳೆಯಬೇಕು. ಆದರೆ ಹೊಸಬರು ಬಲು ಬುದ್ಧಿವಂತರು, ಮೊದಲ ವಾರವೇ ಒಂದು ಟೋಪಿ ಹಾಳುಮಾಡಿ ಕೈತೊಳೆದುಕೊಂಡಿದ್ದರು. ಹಲ್ಲುಜ್ಜುವ ಬ್ರಷ್ಷಿನಿಂದ ತಂತಿಯ ತುದಿಯ ಒಂದೊಂದೇ ಬಿಲ್ಲೆಯ ಅಂಟು ತಿಕ್ಕುತ್ತ ಅವನು ಮೂರನೆಯ ಚಿತ್ರವನ್ನು ಕಣ್ಣೆದುರು ತಂದುಕೊಂಡ. ಇಪ್ಪತ್ನಾಲ್ಕು ಜನ, ಇಪ್ಪತ್ನಾಲ್ಕು ಚುಕ್ಕೆ. ಸಮೀಕರಣದಂತೆ ನಡೆದುಕೊಂಡವರ ಮೆದುಳಿನಲ್ಲಿ ಮರ ಬಿಡುವ ಮುಂಚೆ ಏಳುವ ವಿದ್ಯುತ್ತಿನ ಅಲೆ ದೊಡ್ಡದು, ಮನಬಂದಂತೆ ನಡೆದವರಲ್ಲಿ ಚಿಕ್ಕದು, ಆದ್ದರಿಂದ ಗೆರೆ ಎಡದಿಂದ ಬಲಕ್ಕೆ ಏರುತ್ತದೆ: ಇದು ಅವನು ಕಂಡುಹಿಡಿದದ್ದು. ಏರುವುದು ನಿಜ. ಯಾಕೆ ಏರುತ್ತದೆಂದರೆ ಇಪ್ಪತ್ಮೂರು ಚುಕ್ಕೆಗಳು ಎಡಮೂಲೆಯಲ್ಲಿ ಚೆಲ್ಲಿದ ಸಾಸಿವೆಯ ಹಾಗೆ ಗುಂಪಾಗಿ ಬಿದ್ದಿವೆ, ಒಂದೇ ಒಂದು ಚುಕ್ಕೆ ಬಲಕ್ಕೆ, ಮೇಲೆ, ದೂರದಲ್ಲಿ ನಿಂತು ಇಡೀ ಗೆರೆಯನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಸುಮ್ಮನೆ ಕುತೂಹಲಕ್ಕೆಂದು, ಹತ್ತೊಂಬತ್ತನ್ನು ತೆಗೆದು ಲೆಕ್ಕ ಹಾಕಿದ್ದ. ಗೆರೆ ಮಲಗಿಬಿಟ್ಟಿತು. ಐದು ನಿಮಿಷ ಅದನ್ನೇ ನೋಡಿ, ಹತ್ತೊಂಬತ್ತನ್ನು ವಾಪಸ್ಸು ಹಾಕಿ, ಆ ಫೈಲನ್ನು ಯಾರೂ ಕಣ್ಣುಹಾಯಿಸದ ಕಡೆ ಎತ್ತಿಟ್ಟಿದ್ದ. ಆ ವಾರವೇ ಚಿತ್ರದಿಂದ ಚುಕ್ಕೆಗಳನ್ನೂ ತೆಗೆದ. ಬರೀ ಗೆರೆ ಇಟ್ಟರೆ ಚೊಕ್ಕವಾಗಿ ಕಾಣುತ್ತದೆ, ಚುಕ್ಕೆಗಳಿದ್ದರೆ ಗಿಜಿಗಿಜಿ ಎಂದು ತನಗೆ ತಾನೇ ಹೇಳಿಕೊಂಡು. ಭಾವನ ಮೆದುಳು ಅಪರೂಪದ್ದು, ಅಷ್ಟೇ, ಎಂದೂ ಹೇಳಿಕೊಂಡಿದ್ದ. ದಿನವಿಡೀ ಗುಂಡಿಗಳ ನಡುವೆ ಬದುಕುವ ಮನುಷ್ಯ, ಅವರ ನಿರ್ಧಾರಗಳು ಸ್ವಚ್ಛ. ಈ ವಾದವನ್ನು ಪ್ರಬಂಧದಲ್ಲಿ ಒಂದು ಪ್ಯಾರಾ ಮಾಡಿ ಬರೆದೂ ಇದ್ದ. ಬಹಳ ಸೊಗಸಾಗಿ ಬಂದಿತ್ತು.

ಹನ್ನೊಂದಕ್ಕೆ ಆಫೀಸಿನ ಹೆಂಗಸು ಫೋನು ಮಾಡಿ ಆಸಕ್ತಿ ಬಂತೇ ಎಂದು ಕೇಳಿದಳು. ಬರುತ್ತಿದೆ ಎಂದ. ಹನ್ನೆರಡಕ್ಕೆ ಅವನು ದಾರಿಗಳನ್ನು ತೂಗಿನೋಡತೊಡಗಿದ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ದ್ರಾಕ್ಷಿಗೆ ಸಾಕ್ಷಿ ಇಬ್ಬರೇ, ಇಬ್ಬರೂ ಮನೆಯವರು. ಅಥವಾ, ಆ ದಿನ ಹತ್ತೊಂಬತ್ತರ ತಂತಿ ಸಡಿಲವಾಗಿತ್ತು ಎಂದು ಹೇಳಿ ಗೌರವವಾಗಿ ತೆಗೆದುಬಿಡಬಹುದು, ಆದರೆ ತೆಗೆದರೆ ಚಿತ್ರವೇ ಇಲ್ಲ, ಚಿತ್ರವಿಲ್ಲದೆ ಪ್ರಬಂಧವಿಲ್ಲ, ಅದೂ ಇಲ್ಲದಿದ್ದರೆ ಆರು ವರ್ಷ ಅಕ್ಕನ ಮನೆಯಲ್ಲಿ ತಿಂದ ಊಟ ಯಾವ ಲೆಕ್ಕಕ್ಕೆ? ಅಥವಾ ನಿಜ ಹೇಳಬಹುದು. ಈ ಮೂರನೆಯದರ ಹತ್ತಿರ ಬಂದಾಗಲೆಲ್ಲ ಅವನು ಬಾಯಾರಿ ಎದ್ದು ನೀರು ಕುಡಿದು ಬರುತ್ತಿದ್ದ. ತನ್ನದೇ ಸಮೀಕರಣ ತನಗೆ ಹಾಕಿದರೆ ಉತ್ತರ ಒಂದು ಸಾಲಿನಲ್ಲಿ ಬರುತ್ತಿತ್ತು: ಈ ಮರದಿಂದ ನೀನು ನಾಲ್ಕನೆಯ ವರ್ಷದಲ್ಲೇ ಎದ್ದು ಹೋಗಬೇಕಿತ್ತು. ಇಷ್ಟು ವರ್ಷ ಇದೇ ವಿಷಯ ಓದಿ ಈ ಸರಳ ಲೆಕ್ಕ ತನಗೇ ಹಾಕಿಕೊಳ್ಳಲಿಲ್ಲವಲ್ಲ ಎಂದು ಅವನಿಗೆ ಮರುಕ ಹುಟ್ಟಿತು, ಆಮೇಲೆ ನಗು ಬಂತು. ಪಕ್ಕದ ಮೇಜಿನ ಹೊಸಬಳು ಹೆಡ್‌ಫೋನು ತೆಗೆದು, ಏನಾದರೂ ಫಲಿತಾಂಶ ಬಂತಾ ಎಂದು ಆಸೆಯಿಂದ ಕೇಳಿದಳು.

ಎರಡೂಮುಕ್ಕಾಲಿಗೆ ಚಿತ್ರವನ್ನು ಪ್ರಿಂಟು ಹಾಕಿಕೊಂಡು ಹೊರಟ. ಮೇಡಂ ಕೋಣೆ ಐದನೆಯ ಮಹಡಿಯಲ್ಲಿ. ಲಿಫ್ಟಿನ ಮುಂದೆ 'ದುರಸ್ತಿ ನಡೆದಿದೆ' ಎಂಬ ಬೋರ್ಡು ಕಂಡಾಗ ಅವನಿಗೆ ಮೊದಲು ಸಮಾಧಾನವೇ ಆಯಿತು, ಮೆಟ್ಟಿಲು ಹತ್ತುವಷ್ಟು ಹೊತ್ತು ಹೆಚ್ಚಿಗೆ ಸಿಕ್ಕಿತಲ್ಲ. ನಾಲ್ಕನೆಯ ಮಹಡಿಯಲ್ಲಿ ತೆರೆದ ಬಾಗಿಲಿನ ಪಕ್ಕ ಭಾವನ ಉಪಕರಣದ ಪೆಟ್ಟಿಗೆ ಇತ್ತು. ಎರಡು ತಿಂಗಳಿಗೊಮ್ಮೆ ಬರುವ ಸರ್ವೀಸು ಇವತ್ತೇ ಬರಬೇಕೆ? ಪೆಟ್ಟಿಗೆಯ ಮೇಲೆ ಅರ್ಧ ತಿಂದ ಸೇಬು ಇತ್ತು, ಭಾವ ಇರಲಿಲ್ಲ. ಸೇಬು ಅರ್ಧ ಬಿಟ್ಟು ಏಳುವ ಜನ ಅಲ್ಲ ಅವರು. ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ಎರಡು ಸಲ ಫೋನು ಮಾಡಿದ್ದಳು, ಅವನು ಎತ್ತಿರಲಿಲ್ಲ. ತಾನು ಬೆಳಗ್ಗೆ ಹೊರಟ ರೀತಿ ನೋಡಿ ಅವಳು ಏನೋ ಊಹಿಸಿ ಗಂಡನಿಗೆ ಫೋನು ಮಾಡಿರಬೇಕು. ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ.

ಮೇಡಂ ಎಂದೂ ಯಾರನ್ನೂ ಬೈದವರಲ್ಲ. ಮನಸ್ಸಿಗೆ ಹಿತವಾಗದಿದ್ದರೆ 'ಕುತೂಹಲಕರ' ಎಂದು ಹೇಳಿ ಪೆನ್ಸಿಲ್ ಚೂಪು ಮಾಡತೊಡಗುವರು. ಒಂದು ಪೆನ್ಸಿಲ್ ಎಂದರೆ ಅಧ್ಯಾಯ ತಿದ್ದಬೇಕು, ಎರಡು ಎಂದರೆ ಮತ್ತೆ ಬರೆಯಬೇಕು. ಮೂರು ಪೆನ್ಸಿಲ್ಲಿನವನೊಬ್ಬ ಈಗ ಮನೆಗಳಿಗೆ ಪರದೆ ಹೊಲಿಸಿಕೊಡುವ ಅಂಗಡಿ ಇಟ್ಟಿದ್ದಾನೆಂದು ಲ್ಯಾಬಿನಲ್ಲಿ ಮಾತು. ಅವನು ಬಾಗಿಲು ತಳ್ಳಿದಾಗ ಅವರ ಎದುರಿನ ಕುರ್ಚಿಯಲ್ಲಿ, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು, ಶಾಲೆಗೆ ಕರೆಸಿದ ತಂದೆಯ ಹಾಗೆ ಭಾವ ಕೂತಿದ್ದರು. ಮೇಡಂ ಲಿಫ್ಟು ಐದನೆಯ ಮಹಡಿಯಲ್ಲಿ ನಾಲ್ಕು ಬೆರಳು ಕೆಳಗೆ ನಿಲ್ಲುವ ದೂರು ಹೇಳುತ್ತಿದ್ದರು, ಭಾವ ಬ್ರೇಕಿನ ಸವಕಳಿ ವಿವರಿಸುತ್ತಿದ್ದರು. ಅವನನ್ನು ಕಂಡದ್ದೇ ಭಾವ ಎದ್ದು ನಿಂತು, ಕಣ್ಣಿನಲ್ಲೇ ಒಂದು ಸನ್ನೆ ಮಾಡಿದರು. ನೀನು ನನಗೇನೂ ಹೇಳಿಕೊಟ್ಟಿಲ್ಲ ಅಂತ ಹೇಳೋಕೆ ಬಂದೆ, ಇನ್ನೂ ಏನೂ ಹೇಳಿಲ್ಲ, ನೀನು ಬೇಡ ಅಂದ್ರೆ ಹೇಳೋದೂ ಇಲ್ಲ: ಅಷ್ಟೂ ಆ ಒಂದು ನೋಟದಲ್ಲಿತ್ತು. ಯಾವತ್ತೂ ಸುಳ್ಳು ಹೇಳದ ಮನುಷ್ಯ, ಬಾಮೈದನಿಗಾಗಿ ಒಂದು ಸುಳ್ಳನ್ನು ಹೆಲ್ಮೆಟ್ಟಿನಲ್ಲಿ ಮುಚ್ಚಿ ಐದನೆಯ ಮಹಡಿಯವರೆಗೆ ಹೊತ್ತು ತಂದಿದ್ದರು. ಅವನಿಗೆ ಅದನ್ನು ನೋಡಲಾಗಲಿಲ್ಲ.

"ಭಾವ, ಸ್ವಲ್ಪ ಇರಿ," ಎಂದ. ಆಮೇಲೆ ಮೇಡಂ ಕಡೆ ತಿರುಗಿ, ನಿಂತೇ, ಒಂದೇ ಉಸಿರಿಗೆ ಹೇಳಿದ. ಹತ್ತೊಂಬತ್ತನೆಯವರು ಇವರೇ, ತನ್ನ ಅಕ್ಕನ ಗಂಡ; ಪ್ರಯೋಗಕ್ಕೆ ಮುಂಚೆ ಒಂದು ಭಾನುವಾರ ಇಡೀ ಸಿದ್ಧಾಂತವನ್ನು ತಾನೇ ಇವರಿಗೆ ಹೇಳಿಬಿಟ್ಟಿದ್ದೆ, ದ್ರಾಕ್ಷಿ ಇಟ್ಟುಕೊಂಡು; ಇವರು ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದ್ದಾರೆ; ತನಗೆ ಗೊತ್ತಾದದ್ದು ಇವತ್ತು ಬೆಳಗ್ಗೆ. ಮೇಡಂ ಕೈ ಪೆನ್ಸಿಲ್ ಡಬ್ಬಿಯ ಕಡೆ ಹೋಯಿತು, ಆದರೆ ಅಲ್ಲಿಗೆ ತಲುಪಲಿಲ್ಲ. ಅವರು ಭಾವನನ್ನು ನೋಡಿ, ಇವರು ನಿಮಗೆ ಏನು ಹೇಳಿಕೊಟ್ಟರು ಎಂದು ಕೇಳಿದರು. ಭಾವ ಹೆಲ್ಮೆಟ್ ಕೆಳಗಿಟ್ಟರು.

"ಜಾಸ್ತಿ ಏನಿಲ್ಲ ಮೇಡಂ. ಒಂದು ಕಡೆ ಕೂತು ಏನೋ ಸಂಪಾದಿಸ್ತಿರ್ತೀವಿ, ಬರ್ತಾ ಬರ್ತಾ ಅದು ಕಮ್ಮಿ ಆಗುತ್ತೆ. ಬೇರೆ ಕಡೆ ಹೋಗೋಣ ಅಂದ್ರೆ ಹೋಗೋ ದಾರೀಲಿ ಏನೂ ಸಿಗಲ್ಲ. ಇಲ್ಲಿ ಕೈಗೆ ಬರೋದು ನಮ್ಮ ಒಟ್ಟು ಸರಾಸರಿಗಿಂತ ಇಳಿದಾಗ ಏಳ್ಬೇಕು. ಆ ಲೆಕ್ಕ ನಮಗೆ ಗೊತ್ತಿಲ್ಲದ ಹಾಗೆ ತಲೆ ಒಳಗೆ ಯಾರೋ ಇಡ್ತಿರ್ತಾರೆ. ಅದು ಯಾರು ಅಂತ ಇವನು ಹುಡುಕ್ತಿದ್ದಾನೆ."

ಮೇಡಂ ನಕ್ಕರು. ಆರು ವರ್ಷದಲ್ಲಿ ಇವರ ಬಾಯಿಂದ ಇಷ್ಟು ಸ್ಪಷ್ಟವಾಗಿ ನಾನು ಇದನ್ನು ಕೇಳಿಲ್ಲ ಅಂದರು. ಅವನೂ ನಕ್ಕ. ಇನ್ನೊಂದು ಕುರ್ಚಿ ಎಳೆದುಕೊಂಡು ಕೂತ. ಇಷ್ಟೇ ಆಗಿತ್ತಲ್ಲ, ಇದಕ್ಕೆ ಬೆಳಗಿನಿಂದ ಏಳೆಂಟು ಲೋಟ ನೀರು ಕುಡಿದೆನಲ್ಲ, ಇಂಥ ತಪ್ಪು ಯಾರಿಗಾದರೂ ಆಗುತ್ತದೆ, ಪ್ರಾಮಾಣಿಕವಾಗಿ ಒಪ್ಪಿಕೊಂಡವನು ನಾನು, ಎಂದು ಒಳಗೊಳಗೇ ಅರಳಿ ಬೆನ್ನು ಕುರ್ಚಿಗೆ ಆನಿಸಿದ. ಮೇಡಂ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸರಿ, ಹತ್ತೊಂಬತ್ತನ್ನ ಬಿಟ್ಟು ಲೆಕ್ಕ ಹಾಕಿ ನೋಡೋಣ. ಏನು ಉಳಿಯುತ್ತೋ ಏನೋ."

"ಏನೂ ಉಳಿಯಲ್ಲ ಮೇಡಂ," ಎಂದ, ಬಹಳ ಉತ್ಸಾಹದಿಂದ. "ಗೆರೆ ಪೂರ್ತಿ ಮಲಗಿಬಿಡುತ್ತೆ."

ಮೇಡಂ ಡಬ್ಬಿಯಿಂದ ಒಂದು ಪೆನ್ಸಿಲ್ ತೆಗೆದು, ಚೂಪು ಮಾಡದೆ, ಮೇಜಿನ ಮೇಲೆ ಅಡ್ಡ ಇಟ್ಟರು.

"ಗೊತ್ತಾಗಿದ್ದು ಇವತ್ತು ಬೆಳಗ್ಗೆ ಅಂದ್ರಿ. ಮಲಗುತ್ತೆ ಅಂತ ಹೇಗೆ ಗೊತ್ತು?"

"ತೆಗೆದು ನೋಡಿದ್ದೆ."

"ಯಾವಾಗ?"

"ಎಂಟು ತಿಂಗಳಾಯ್ತು."

"ಚುಕ್ಕೆ ಇಲ್ಲದ ಚಿತ್ರ ನೀವು ನನಗೆ ತೋರಿಸೋಕೆ ಶುರು ಮಾಡಿದ್ದು ಯಾವಾಗ?"

ಭಾವ ತಮ್ಮ ಬೂಟಿನ ತುದಿ ನೋಡುತ್ತಿದ್ದರು. ಬೈಸಿಕೊಳ್ಳುವುದನ್ನು ಮನೆಯವರು ನೋಡುವುದು ಒಂದು ತೂಕದ ಅವಮಾನ. ಬೈಯದಿರುವುದನ್ನು ಅವರು ನೋಡುವುದು ಅದಕ್ಕಿಂತ ಭಾರ. ಭಾವ ಮೆಲ್ಲಗೆ, ತಪ್ಪು ನಂದು ಮೇಡಂ, ಇನ್ನೊಂದ್ಸಲ ಕೂತ್ಕೊತೀನಿ, ಈ ಸಲ ತಪ್ಪು ತಪ್ಪಾಗಿ ಒತ್ತುತೀನಿ ಅಂದರು. ಮೇಡಂ ಅವರಿಗೆ, ನಿಮ್ಮ ತಪ್ಪು ಏನೂ ಇಲ್ಲ ಎಂದು ಬಹಳ ಮೃದುವಾಗಿ ಹೇಳಿದರು. ಆ ಮೃದುತ್ವದಲ್ಲಿ ಅವನಿಗೆ ಪಾಲಿರಲಿಲ್ಲ. ಆಮೇಲೆ ಅವನಿಗೆ ಹೇಳಿದ್ದು ಇಷ್ಟು: ಗೊತ್ತಿಲ್ಲದೆ ಆದದ್ದಕ್ಕೆ ಪ್ರಯೋಗ ಮತ್ತೆ ಮಾಡಬಹುದು, ಗೊತ್ತಿದ್ದು ಮುಚ್ಚಿಟ್ಟದ್ದಕ್ಕೆ ಮತ್ತೆ ಮಾಡುವ ಪ್ರಯೋಗ ತಮಗೆ ತಿಳಿದಿಲ್ಲ. ಇರುವುದಾದರೆ ನಾಳೆಯಿಂದ ಇಪ್ಪತ್ನಾಲ್ಕು ಹೊಸ ತಲೆ, ಚುಕ್ಕೆಗಳ ಸಮೇತ ಚಿತ್ರ. ಗೆರೆ ಎದ್ದರೂ ಮಲಗಿದರೂ ಅದೇ ಪ್ರಬಂಧ. ಸಾಕು ಎನಿಸಿದರೆ ಅದನ್ನೂ ಹೇಳಬಹುದು, ತಾವು ತಪ್ಪು ತಿಳಿಯುವುದಿಲ್ಲ. "ಹೇಗೂ ಐದರೊಳಗೆ ನಿಮ್ಮ ಆಸಕ್ತಿ ಏನು ಅಂತ ಆಫೀಸಿಗೆ ಕಳಿಸಬೇಕಲ್ಲ," ಅಂದರು. "ಅದನ್ನ ನೋಡಿ ತಿಳ್ಕೊತೀನಿ."

ನಾಲ್ಕನೆಯ ಮಹಡಿಯಲ್ಲಿ ಭಾವ ಉಳಿದ ಸೇಬನ್ನು ಎರಡು ಭಾಗ ಮಾಡಿ ಒಂದನ್ನು ಅವನಿಗೆ ಕೊಟ್ಟರು. ಬ್ರೇಕು ಬಿಗಿ ಮಾಡಿದ್ದಾಗಿತ್ತು, ಪರೀಕ್ಷೆಗೆಂದು ಲಿಫ್ಟನ್ನು ಮೇಲೆ ಕೆಳಗೆ ಓಡಿಸಬೇಕಿತ್ತು, ಇಬ್ಬರೂ ಒಳಗೆ ನಿಂತರು. ಕೆಳಕ್ಕೆ, ಮೇಲಕ್ಕೆ, ಕೆಳಕ್ಕೆ. ಬಾಗಿಲು ತೆರೆದಾಗಲೆಲ್ಲ ಭಾವ ಬಗ್ಗಿ ನೆಲಕ್ಕೂ ಲಿಫ್ಟಿಗೂ ನಡುವಿನ ಅಂತರವನ್ನು ಬೆರಳಿನಿಂದ ಅಳೆಯುತ್ತಿದ್ದರು. ಅವನಿಗೆ ಅಳು ಬರುವಂತಿತ್ತು, ಬಾಯಲ್ಲಿ ಸೇಬು ಇದ್ದುದರಿಂದ ತಡೆಯಿತು. ಅಕ್ಕನಿಗೆ ಏನು ಹೇಳಲಿ? ಬೀದಿ ಬೀದಿಯಲ್ಲಿ ತಲೆ ಡಾಕ್ಟರೆಂದು ಹೇಳಿಕೊಂಡು ಬಂದ ಈ ಮನುಷ್ಯನ ಮುಖವನ್ನು ನಾಳೆ ಬಚ್ಚಲುಮನೆಯ ಬಾಗಿಲಲ್ಲಿ ಹೇಗೆ ನೋಡಲಿ? ಇಲ್ಲಿಗೆ ಬಿಟ್ಟುಬಿಡುವುದೇ ಲೇಸು. ಸಮೀಕರಣವೂ ಅದನ್ನೇ ಹೇಳುತ್ತದೆ. ಮೂರನೆಯ ಮಹಡಿಯಲ್ಲಿ, ಮಾತು ಬದಲಿಸುವುದಕ್ಕೆಂದೇ, ಅವನು ಒಂದು ಪ್ರಶ್ನೆ ಕೇಳಿದ. ತಾನು ದ್ರಾಕ್ಷಿಯ ಪಾಠ ಹೇಳದೆ ಇದ್ದಿದ್ದರೆ ಅವತ್ತು ಭಾವ ಮೊದಲ ಮರ ಬಿಟ್ಟು ಯಾವಾಗ ಏಳುತ್ತಿದ್ದರು?

"ನಾನಾ?" ಭಾವ ಬಗ್ಗಿದ್ದಲ್ಲಿಂದಲೇ ಹೇಳಿದರು. "ನಾನು ಏಳ್ತಾನೇ ಇರ್ಲಿಲ್ಲ. ಕೊನೇತನಕ ಅದೇ ಮರದಲ್ಲಿ ಒತ್ತುತಾ ಕೂತಿರ್ತಿದ್ದೆ."

"ಹಣ್ಣು ಬೀಳದೆ ಇದ್ರೂ?"

"ಬೀಳದೆ ಇದ್ರೆ ಏನಾಯ್ತು. ನೀನು ಕಟ್ಟಿದ ಮರ ಅಲ್ವಾ. ಮೊದಲನೇದನ್ನೇ ಬಿಟ್ಟು ಎದ್ದುಹೋದ್ರೆ ನಿನಗೆ ಬೇಜಾರಾಗಲ್ವಾ?"

ಅಂತರ ಸೊನ್ನೆ ಎಂದು ಖಚಿತಪಡಿಸಿಕೊಂಡು ಭಾವ ಎದ್ದು, ಮುಂದಿನ ಮಹಡಿಯ ಗುಂಡಿ ಒತ್ತಿದರು. ಅವನ ಸಮೀಕರಣದಲ್ಲಿ ಏಳು ಅಕ್ಷರಗಳಿದ್ದವು: ಹಣ್ಣಿಗೊಂದು, ಹೊತ್ತಿಗೊಂದು, ದಣಿವಿಗೊಂದು, ಹೀಗೆ. ಮರ ನೆಟ್ಟವನಿಗೆ ಬೇಜಾರಾಗುತ್ತದೆಂದು ಕೂತಿರುವವರಿಗೆ ಒಂದು ಅಕ್ಷರವೂ ಇರಲಿಲ್ಲ. ಎಡಮೂಲೆಯಲ್ಲಿ ಸಾಸಿವೆಯ ಹಾಗೆ ಚೆಲ್ಲಿ ಬಿದ್ದ ಆ ಇಪ್ಪತ್ಮೂರು ಜನ, ಏಳಬೇಕಾದಾಗ ಏಳದೆ ಕೂತವರು, ಅವರನ್ನು ಅವನು ಇಷ್ಟು ದಿನ 'ತಪ್ಪು' ಎಂದು ಕರೆದು ಚಿತ್ರದಿಂದ ಅಳಿಸಿ ಕೂತಿದ್ದ. ಒಬ್ಬೊಬ್ಬರಿಗೂ ಏನೇನು ಕಾರಣವಿತ್ತೋ. ಯಾರನ್ನೂ ಕೇಳಿರಲಿಲ್ಲ. ಲಿಫ್ಟು ನಿಂತದ್ದು ಅವನಿಗೆ ತಿಳಿಯಲಿಲ್ಲ, ಭಾವನೇ ಭುಜ ಮುಟ್ಟಿ ಇಳಿಸಬೇಕಾಯಿತು.

ನಾಲ್ಕೂ ಐವತ್ತೆಂಟಕ್ಕೆ ಅವನು ಬರೆದು ಕಳಿಸಿದ: 'ಹಣ್ಣು ಮುಗಿದ ಮರವನ್ನು ಬಿಟ್ಟು ಜನ ಯಾವಾಗ ಏಳುತ್ತಾರೆ ಎಂಬುದು ಇಲ್ಲಿಯವರೆಗಿನ ಆಸಕ್ತಿ. ಏಳದೆ ಕೂತವರು ಯಾಕೆ ಕೂತಿದ್ದಾರೆ ಎಂಬುದು ಇನ್ನು ಮುಂದಿನದು.' ಐದೂ ಎರಡಕ್ಕೆ ಆಫೀಸಿನ ಹೆಂಗಸು ಉತ್ತರಿಸಿದಳು. ನೂರು ಪದ ಕೇಳಿದ್ದೆ, ಇದು ಹದಿನೇಳಿದೆ. ಆದರೂ ಹಾಕಿದ್ದೇನೆ, ಬಂದವುಗಳಲ್ಲಿ ನನಗೆ ಅರ್ಥವಾದದ್ದು ಇದೊಂದೇ. ಐದೂ ಹತ್ತಕ್ಕೆ ಮೇಡಂ ಒಂದೇ ಪದ ಕಳಿಸಿದರು. ಕುತೂಹಲಕರ. ಅದನ್ನು ಅವನು ಬಹಳ ಹೊತ್ತು ನೋಡುತ್ತ ಕೂತ. ಎಷ್ಟು ಪೆನ್ಸಿಲ್ ಎಂದು ಇಮೇಲಿನಲ್ಲಿ ತಿಳಿಯುವಂತಿರಲಿಲ್ಲ.

ರಾತ್ರಿ ಮನೆಗೆ ಬಂದಾಗ ಅಕ್ಕನಿಗೆ ನಡೆದದ್ದೆಲ್ಲ ತಿಳಿದಿತ್ತು. ಊಟ ಮುಗಿದು ತಟ್ಟೆ ಎತ್ತಿಟ್ಟ ಮೇಲೆ ಅವಳು ಸೊಂಟಕ್ಕೆ ಕೈಯೊರೆಸಿಕೊಳ್ಳುತ್ತ, ಹೊಸದಾಗಿ ಇಪ್ಪತ್ನಾಲ್ಕು ಜನ ಬೇಕಂತಲ್ಲ, ನಾನು ಬರ್ತೀನಿ ಅಂದಳು. ಮೂರು ವರ್ಷದ ಹಿಂದೆಯೇ ಕೇಳಿದ್ದೆ, ನಿನ್ನ ಕೂದಲು ದಟ್ಟ, ತಂತಿ ಕೂರಲ್ಲ ಅಂತ ನೀನು ನೆಪ ಹೇಳಿದ್ದೆ. ಭಾವನ ತಲೆ ಆಗುತ್ತೆ, ಅಕ್ಕನ ತಲೆ ಆಗಲ್ವಾ? ನಾಳೆ ಬೆಳಗ್ಗೆ ಎಣ್ಣೆ ಹಾಕದೆ ಬರ್ತೀನಿ, ಮೊದಲನೇ ನಂಬರು ನಂದು. ಅವನು ಸರಿ ಎಂದ. ಅವಳು ಎರಡು ಗೊಂಚಲು ದ್ರಾಕ್ಷಿ ತೊಳೆದು ತಂದು, ಒಂದನ್ನು ಮೇಜಿನ ಮೇಲಿಟ್ಟು, ಜಾಗವಿಲ್ಲದೆ ಇನ್ನೊಂದನ್ನು ಫ್ರಿಜ್ಜಿನ ಮೇಲಿಟ್ಟಳು. ಅವತ್ತು ನೀವಿಬ್ರೂ ಮಾತಾಡಿದ್ದು ಒಂದೂ ನನ್ನ ತಲೆಗೆ ಹೋಗ್ಲಿಲ್ಲ, ಅದೇನು ಮರ, ಅದೇನು ಗುಂಡಿ, ಸ್ವಲ್ಪ ಮೊದಲೇ ಹೇಳಿಡು ಅಂದಳು. ಭಾವ ಒಳ್ಳೆಯ ಮನಸ್ಸಿನಿಂದ, ಅದು ಹೀಗೆ ನೋಡು ಎಂದು ಬಾಯಿ ತೆರೆದರು. ಅವನು ಮೇಜಿನ ಕೆಳಗೆ ಅವರ ಕಾಲು ಒದ್ದ. ಆರು ವರ್ಷದಲ್ಲಿ ಭಾವನನ್ನು ಒದ್ದದ್ದು ಅದೇ ಮೊದಲು. ಅವರು ಬಾಯ್ಮುಚ್ಚಿ ಒಂದು ದ್ರಾಕ್ಷಿ ಹಾಕಿಕೊಂಡರು, ಅವನೂ ಒಂದು ಹಾಕಿಕೊಂಡ. ಆಮೇಲೆ ಇಬ್ಬರೂ ತಿನ್ನುವುದು ಬಿಟ್ಟು ನೋಡುತ್ತ ಕೂತರು. ಅಕ್ಕ ದಪ್ಪ ದಪ್ಪದ್ದನ್ನೆಲ್ಲ ಅವರಿಬ್ಬರ ಕಡೆ ತಳ್ಳಿ, ಸಣ್ಣದನ್ನು ತಾನು ತಿಂದಳು. ಸಣ್ಣದು ಮುಗಿದ ಮೇಲೆ ತೊಟ್ಟಿನ ಹಿಂದೆ ಬೆರಳು ತೂರಿಸಿ ಬಾಡಿದ್ದನ್ನು ಹುಡುಕಿದಳು. ಅದೂ ಮುಗಿದು, ತೊಟ್ಟು ಬೋಳಾಗಿ, ಕೊನೆಯಲ್ಲಿ ಒಣಗಿ ಮುದುರಿದ್ದೊಂದು ಉಳಿದಿತ್ತು. ಅದನ್ನೂ ತಿರುಗಿಸಿ ನೋಡಿ, ಬಿಸಾಡಲಾಗದೆ ಬಾಯಿಗೆ ಹಾಕಿಕೊಂಡಳು. ಫ್ರಿಜ್ಜಿನ ಮೇಲಿನ ಹೊಸ ಗೊಂಚಲಿನ ಕಡೆ ಒಂದು ಸಲವೂ ನೋಡಲಿಲ್ಲ.

"ಏನು, ಇಬ್ರೂ ಹಾಗೆ ನೋಡ್ತಿದ್ದೀರಿ?" ಅಂದಳು.

ಅವನು ಹೇಳಬೇಕಾದದ್ದು ನೂರು ಪದಕ್ಕಿಂತ ಹೆಚ್ಚಿತ್ತು. ಆದರೆ ನಾಳೆ ಅವಳು ಮೊದಲನೇ ನಂಬರು, ಫಾರಂನಲ್ಲಿ 'ಇವರಿಗೆ ಏನೂ ತಿಳಿಸಿಲ್ಲ' ಎಂಬ ಆ ಸಾಲಿನ ಮುಂದೆ ಸರಿ ಗುರುತು ಹಾಕಬೇಕು.

"ಏನಿಲ್ಲ," ಎಂದ.